ಹಿಮ ಎಸೆಯುವ ಯಂತ್ರಕ್ಕೆ ಅಗಲವೇ ಬಲವಲ್ಲ

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ವರ್ಷಕ್ಕೆ ಸರಾಸರಿ ಮೂರು ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. ಅದೇ ರಾಜ್ಯದ ಬಫಲೊ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ 2022ರ ನವೆಂಬರಿನ ಒಂದೇ ಹಿಮಪಾತಕ್ಕೆ ಎರಡು ಮೀಟರಿನಷ್ಟು ಸುರಿದಿತ್ತು. ಮಹಾಸರೋವರಗಳ ಇನ್ನೂ ಆರದ ನೀರಿನ ಮೇಲೆ ಹಾದುಬರುವ ಶೀತಗಾಳಿ ದಾರಿಯುದ್ದಕ್ಕೂ ತೇವ ಹೀರಿಕೊಂಡು ದಡ ಹತ್ತಿದೊಡನೆ ಅದನ್ನು ಸುರಿದುಬಿಡುವುದರಿಂದ ಈ ಪಟ್ಟಿಯ ಊರುಗಳಿಗೆ ಪ್ರತಿವರ್ಷ ಇದೇ ಪಾಡು. ರಸ್ತೆಯನ್ನು ಸರ್ಕಾರದವರು ತೆರವು ಮಾಡುತ್ತಾರೆ. ರಸ್ತೆಯಿಂದ ಮನೆಬಾಗಿಲಿನವರೆಗಿನ ದಾರಿ ಮನೆಯವರ ತಲೆಗೆ. ಊರಾಚೆ ಎರಡು–ಮೂರು ಎಕರೆ ಕೊಂಡು ಮನೆ ಕಟ್ಟಿಕೊಂಡವರಿಗೆ (ಅಲ್ಲಿ ನೆಲೆನಿಂತ ಕನ್ನಡದವರೂ ಇದಕ್ಕೆ ಹೊರತಲ್ಲ) ಆ ದಾರಿ ನೂರು ಮೀಟರ್ ಉದ್ದವಿರುವುದು ಅಪರೂಪವೇನಲ್ಲ. ಒಂಬತ್ತಡಿ ಅಗಲದ ಅಂಥ ದಾರಿಯ ಮೇಲೆ ಒಂದಡಿ ಹೊಸ ಹಿಮ ಬಿದ್ದರೆ, ಹಗುರವಾದದ್ದೆಂದು ಲೆಕ್ಕ ಹಿಡಿದರೂ ಎಂಟು ಟನ್ ಸರಕು. ಸಲಿಕೆಗೆ ಬಗ್ಗುವ ಕೆಲಸ ಇದಲ್ಲ. ಹುಲ್ಲು ಕತ್ತರಿಸಲೆಂದು, ತೋಟದ ಕೆಲಸಕ್ಕೆಂದು ಮೊದಲೇ ಕೊಂಡ ಸಣ್ಣ ಟ್ರ್ಯಾಕ್ಟರಿಗೆ ಜನ ಸ್ನೋ ಬ್ಲೋವರ್ ಕಟ್ಟುವುದು ಅದಕ್ಕೇ. ಕೊಳ್ಳುವ ಹೊತ್ತಿಗೆ ಮಾತ್ರ ಬಹಳ ಮಂದಿ ಒಂದೇ ಕಡೆ ಜಾರುತ್ತಾರೆ: ಐದಡಿಯದು ಸಾಕಾಗುವ ಕಡೆ ಆರಡಿಯದನ್ನು ಆರಿಸುತ್ತಾರೆ. ಸಣ್ಣ ಟ್ರ್ಯಾಕ್ಟರಿಗೆ ಸಣ್ಣ ಬ್ಲೋವರೇ ಸರಿ, ಅದೂ ಹಿಂದೆ ಕಟ್ಟುವಂಥದ್ದೇ ಸರಿ ಎಂಬುದು ನನ್ನ ವಾದ.

ಈ ಯಂತ್ರದಲ್ಲಿ ಸುರುಳಿ ಅಲಗು ಹಿಮವನ್ನು ಕೊರೆದು ನಡುವಿಗೆ ಎಳೆದು ತರುತ್ತದೆ. ಅದರ ಬೆನ್ನಿಗಿರುವ ಬೀಸುಚಕ್ರ ಆ ಹಿಮವನ್ನು ಹಿಡಿದು ಮೇಲಿನ ಕೊಳವೆಯಿಂದ ದೂರಕ್ಕೆ ಎಸೆಯುತ್ತದೆ. ಶಕ್ತಿ ಬರುವುದು ಎಂಜಿನ್ನಿನ ಬಲವನ್ನು ಹೊರಗೆ ಕಟ್ಟಿದ ಉಪಕರಣಕ್ಕೆ ದಾಟಿಸುವ ಪಿಟಿಒ ಶಾಫ್ಟಿನಿಂದ. ನಮ್ಮಲ್ಲಿ ರೋಟವೇಟರ್ ಓಡಿಸಿದವರಿಗೆ ಅದು ಚೆನ್ನಾಗಿ ಗೊತ್ತು. ಅಲ್ಲಿ ನಿಮಿಷಕ್ಕೆ 540 ಸುತ್ತು, ಇಲ್ಲೂ ಅಷ್ಟೇ. ಬಾನೆಟ್ಟಿನ ಮೇಲೆ 25 ಎಚ್‌ಪಿ ಎಂದು ಬರೆದಿದ್ದರೂ ಹೈಡ್ರೋಸ್ಟ್ಯಾಟಿಕ್ ಗೇರಿನ ಗಾಡಿಯಲ್ಲಿ ಆ ಶಾಫ್ಟಿಗೆ ತಲುಪುವುದು 18–19 ಎಚ್‌ಪಿ ಮಾತ್ರ. ಕುಬೋಟ, ಜಾನ್ ಡಿಯರ್, 1994ರಿಂದ ಅಮೆರಿಕದಲ್ಲಿ ಟ್ರ್ಯಾಕ್ಟರ್ ಮಾರುತ್ತಿರುವ ನಮ್ಮ ಮಹೀಂದ್ರ, ಎಲ್ಲರೂ ಈ ಎರಡನೇ ಅಂಕಿಯನ್ನು ತಮ್ಮ ಮಾಹಿತಿ ಪತ್ರದಲ್ಲಿ ಕೊಡುತ್ತಾರೆ. ಆದರೆ ಗಿರಾಕಿಯ ಕಣ್ಣು ನಿಲ್ಲುವುದು ಮೊದಲನೆಯದರ ಮೇಲೆ. ಶಾಫ್ಟಿನ ಆ 18–19ರಲ್ಲೂ ಚಕ್ರ ಉರುಳಲು ಒಂದಿಷ್ಟು ಶಕ್ತಿ ಹೋಗಲೇಬೇಕು. 1925ರಲ್ಲಿ ಮಾಂಟ್ರಿಯಲ್‌ನ ಆರ್ಥರ್ ಸಿಕಾರ್ ಲಾರಿಯ ಮೇಲೆ ಮೊದಲ ಬಳಕೆಯೋಗ್ಯ ಸ್ನೋ ಬ್ಲೋವರ್ ಕಟ್ಟಿದಾಗ, ಗಾಡಿ ಓಡಿಸಲು ಒಂದು ಎಂಜಿನ್, ಹಿಮ ಎಸೆಯಲು ಬೇರೊಂದು ಎಂಜಿನ್ ಇಟ್ಟಿದ್ದ. ಸಣ್ಣ ಟ್ರ್ಯಾಕ್ಟರಿಗೆ ಆ ಭಾಗ್ಯವಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಆಗತಾನೇ ಬಿದ್ದ ಒಣ ಹಿಮ ಘನಮೀಟರಿಗೆ 50ರಿಂದ 100 ಕಿಲೊ ತೂಗುತ್ತದೆ. ಗಾಳಿಗೆ ಒತ್ತಿಕೊಂಡದ್ದು, ಬಿಸಿಲಿಗೆ ನೀರೂರಿದ್ದು 300–400 ಕಿಲೊ. ಗಂಟೆಗೆ ಒಂದು ಕಿಲೊಮೀಟರ್ ವೇಗದಲ್ಲಿ ಒಂದಡಿ ದಪ್ಪದ 400 ಕಿಲೊ ಹಿಮಕ್ಕೆ ಆರಡಿ ಬ್ಲೋವರ್ ನುಗ್ಗಿಸಿದರೆ ನಿಮಿಷಕ್ಕೆ ಮೂರೂವರೆ ಟನ್ನಿಗೂ ಹೆಚ್ಚು ಸರಕು ಒಳಬರುತ್ತದೆ. ಬೀಸುಚಕ್ರದ ಅಂಚಿನ ವೇಗ ಸೆಕೆಂಡಿಗೆ 16 ಮೀಟರಿನ ಆಸುಪಾಸು. ಅಷ್ಟು ತೂಕವನ್ನು ಆ ವೇಗಕ್ಕೆ ಏರಿಸಲಿಕ್ಕೇ ಹತ್ತು ಎಚ್‌ಪಿ ದಾಟುತ್ತದೆ. ಕೊರೆಯುವುದು, ತಿಕ್ಕಾಟ ಎಲ್ಲ ಸೇರಿ ಇನ್ನಷ್ಟೇ ಬೇಕೆಂದು ಹಿಡಿದರೆ 21 ಎಚ್‌ಪಿ. ಶಾಫ್ಟಿನಲ್ಲಿ ಅಷ್ಟಿಲ್ಲ. ಅದೇ ಹಿಮಕ್ಕೆ ಐದಡಿಯದು ಕೇಳುವುದು ಹದಿನೇಳು ಚಿಲ್ಲರೆ; ಕಷ್ಟಪಟ್ಟಾದರೂ ನಿಭಾಯಿಸುತ್ತದೆ. ಒಣ ಹಿಮದ ದಿನ ಆರಡಿಯದಕ್ಕೂ ನಾಲ್ಕೈದು ಎಚ್‌ಪಿ ಸಾಕು, ಆದ್ದರಿಂದ ಮೊದಮೊದಲ ದಿನಗಳಲ್ಲಿ ಅಗಲದ ಯಂತ್ರ ಕೊಂಡವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಸೋಲುವುದು ದಾರಿಯ ಬಾಯಲ್ಲಿ. ರಸ್ತೆ ತೆರವು ಮಾಡುವ ಲಾರಿ ಹೋಗುತ್ತಾ ಹೋಗುತ್ತಾ ಉಪ್ಪು ಬೆರೆತ ಕೆಸರುಹಿಮವನ್ನು ಅಲ್ಲಿ ಸೊಂಟದೆತ್ತರಕ್ಕೆ ಒಟ್ಟಿಬಿಡುತ್ತದೆ. ಬೆಳಿಗ್ಗೆ ಹೊತ್ತಿಗೆ ಅದು ಅರೆಬರೆ ಗಟ್ಟಿಯಾಗಿರುತ್ತದೆ. ಯಂತ್ರವನ್ನು ಆರಿಸಬೇಕಾದದ್ದು ಆ ಮೂರಡಿ ದಿಬ್ಬವನ್ನು ಕಣ್ಣಮುಂದಿಟ್ಟುಕೊಂಡು.

ಹೈಡ್ರೋಸ್ಟ್ಯಾಟಿಕ್ ಗಾಡಿಯಲ್ಲಿ ಪಿಟಿಒ ವೇಗ ತಗ್ಗಿಸದೆಯೇ ನಡಿಗೆ ತಗ್ಗಿಸಬಹುದಲ್ಲ, ಭಾರದ ಹಿಮ ಬಂದಾಗ ಮೆಲ್ಲಗೆ ಹೋದರಾಯಿತು ಎಂದು ಅಗಲದ ಪಕ್ಷದವರು ಹೇಳುತ್ತಾರೆ. ಮಾತು ಅರ್ಧ ನಿಜ. ಆದರೆ ನೀರೂರಿದ ಹಿಮಕ್ಕೆ ಒಂದು ಹಟವಿದೆ: ಸ್ವಲ್ಪ ಸ್ವಲ್ಪವಾಗಿ ಬಂದರೆ ಅದು ಹಾರುವುದಿಲ್ಲ, ಕೊಳವೆಯ ಗೋಡೆಗೆ ಮೆತ್ತಿಕೊಂಡು ಬಾಯಿ ಕಟ್ಟುತ್ತದೆ. ಬೀಸುಚಕ್ರದ ಹೊಟ್ಟೆ ತುಂಬುವಷ್ಟು ಬಂದರೆ ಮಾತ್ರ ಹಿಂದಿನದು ಮುಂದಿನದನ್ನು ನೂಕಿ ಕೊಳವೆ ತೆರೆದಿರುತ್ತದೆ. ಹಾಗಾಗಿ ತೆವಳುವ ಅಗಲದ ಯಂತ್ರ ಕಟ್ಟಿಕೊಳ್ಳುವ ಹಿಮದಲ್ಲಿ, ಚುರುಕಾಗಿ ನಡೆಯುವ ಕಿರಿದು ಪಾರಾಗುತ್ತದೆ. ಬಾಯಿ ಕಟ್ಟುವುದು ಬರೀ ಕಿರಿಕಿರಿಯ ವಿಷಯವೂ ಅಲ್ಲ. ಸ್ನೋ ಬ್ಲೋವರಿಗೆ ಬೆರಳು ಕಳೆದುಕೊಂಡವರಲ್ಲಿ ಹೆಚ್ಚಿನವರು ಕಟ್ಟಿದ ಹಿಮವನ್ನು ಕೈಯಿಂದ ತೆಗೆಯಲು ಹೋದವರೇ. ಎಂಜಿನ್ ಆರಿಸಿದ್ದರೂ ಸಿಕ್ಕಿಬಿದ್ದ ಅಲಗಿನಲ್ಲಿ ಬಿಗಿತ ಉಳಿದಿದ್ದರೆ ಅಡ್ಡಿ ಸರಿದ ಕ್ಷಣ ಅದು ಸರಕ್ಕನೆ ತಿರುಗಬಹುದು. ಅಲ್ಲಿಗೆ ಕೋಲು ಹೋಗಬೇಕು, ಕೈಯಲ್ಲ.

ಅಗಲ ಕಡಿಮೆಯಾದರೆ ಓಡಾಟ ಹೆಚ್ಚುತ್ತದೆ ಎಂಬುದು ಇನ್ನೊಂದು ತಕರಾರು. ಕಾಗದದ ಮೇಲೆ ಬರೆದು ನೋಡಿದರೆ ಇದು ನಿಲ್ಲುವುದಿಲ್ಲ. ಒಂಬತ್ತಡಿ ದಾರಿಗೆ ಐದಡಿಯದಾದರೂ ಎರಡು ಸಲ, ಆರಡಿಯದಾದರೂ ಎರಡು ಸಲ. ಹನ್ನೆರಡಡಿಯಿದ್ದರೆ ಆರಡಿಯದಕ್ಕೆ ಎರಡೇ ಸಲ ಸಾಕಲ್ಲವೇ ಎನ್ನಬಹುದು. ಅಂಚಿಗೆ ಅಂಚು ಕೂಡಿಸಿ ಹಿಮದಲ್ಲಿ ಗಾಡಿ ಓಡಿಸಬಲ್ಲವರು ಯಾರೂ ಇಲ್ಲ, ಅಲ್ಲೂ ಮೂರೇ ಆಗುತ್ತದೆ. ಅಗಲ ತಗ್ಗಿಸುವುದಕ್ಕೂ ಒಂದು ಮಿತಿಯುಂಟು. ಹಿಂದಿನ ಎರಡು ಚಕ್ರಗಳ ಹೊರ ಅಂಚಿನಿಂದ ಅಂಚಿಗೆ ಎಷ್ಟಿದೆಯೋ ಅದಕ್ಕಿಂತ ಬ್ಲೋವರ್ ಕಿರಿದಾಗಬಾರದು, ಇಲ್ಲವಾದರೆ ಬಿಟ್ಟ ಹಿಮದ ಮೇಲೆ ಚಕ್ರ ಹತ್ತಿ ಅದನ್ನು ಮಂಜುಗಡ್ಡೆ ಮಾಡಿಟ್ಟುಬಿಡುತ್ತದೆ. ಅಳತೆಪಟ್ಟಿ ಹಿಡಿದು ಅಷ್ಟು ನೋಡಿ, ಎರಡು ಇಂಚು ಸೇರಿಸಿದರೆ ಬೇಕಾದ ಅಗಲ ಬಂತು.

ಮುಂದೆ ಕಟ್ಟಬೇಕೋ ಹಿಂದೆ ಕಟ್ಟಬೇಕೋ ಎಂಬ ಜಗಳದಲ್ಲಿ ಎದುರು ಪಕ್ಷದ ಬಲ ಹೆಚ್ಚು. ಹಿಂದೆ ಕಟ್ಟಿದರೆ ಗಂಟೆಗಟ್ಟಲೆ ಕತ್ತು ತಿರುಗಿಸಿಕೊಂಡು ಹಿಮ್ಮುಖವಾಗಿ ಓಡಿಸಬೇಕು. ಕತ್ತು ನೋವಿರುವವರಿಗೆ ಇದು ಶಿಕ್ಷೆಯೇ. ಆದರೂ ಮುಂದಿನದಕ್ಕೆ ಗಾಡಿಯ ಹೊಟ್ಟೆಯಡಿಯಿಂದ 2000 ಸುತ್ತಿನ ನಡು ಪಿಟಿಒ ಬೇಕು, ಪ್ರತ್ಯೇಕ ಚೌಕಟ್ಟು ಬೇಕು, ಚಳಿಗಾಲವಿಡೀ ಮುಂದಿನ ಬಕೆಟ್ ಹೊತ್ತ ಲೋಡರನ್ನು ಕಳಚಿಡಬೇಕು. ಬೆಲೆಯೂ ಬಹಳ ಏರುತ್ತದೆ, ಗಾಡಿ ಬದಲಾಯಿಸಿದರೆ ಚೌಕಟ್ಟು ಹೊಸದಕ್ಕೆ ಹೊಂದುವ ಭರವಸೆಯಿಲ್ಲ. ಹಿಂದಿನದು ಮೂರು ಕೊಂಡಿಯ ಮಾಮೂಲಿ ಜೋಡಣೆಗೆ ಕೂರುತ್ತದೆ, ನಾಳೆ ಬೇರೆ ಕಂಪನಿಯ ಗಾಡಿ ಬಂದರೂ ಕೂರುತ್ತದೆ. ಇನ್ನೂರು ಮುನ್ನೂರು ಕಿಲೊ ತೂಕ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಲೋಡರ್ ಮುಂದೆಯೇ ಉಳಿಯುತ್ತದೆ. ದಾರಿಯ ಬಾಯಲ್ಲಿನ ಗಟ್ಟಿ ದಿಬ್ಬವನ್ನು ಮೊದಲು ಬಕೆಟ್ಟಿನಿಂದ ಒಡೆದು ಆಮೇಲೆ ಬ್ಲೋವರಿಗೆ ಕೊಡಬಹುದು. ಮೂರು ಮನೆಗಳ ದಾರಿ ನೋಡಿಕೊಳ್ಳುವವರು, ದಿನಕ್ಕೆ ಎರಡು ಗಂಟೆ ಸೀಟಿನಲ್ಲಿ ಕೂರುವವರು ಮುಂದಿನದಕ್ಕೇ ದುಡ್ಡು ಹಾಕಲಿ, ನನ್ನ ಆಕ್ಷೇಪವಿಲ್ಲ. ಬಿರುಗಾಳಿಯ ಮರುದಿನ ಅರ್ಧ–ಮುಕ್ಕಾಲು ಗಂಟೆ ಕೆಲಸವಿರುವ ಒಂದು ಮನೆಯವರಿಗೆ ಆ ಖರ್ಚು ದಂಡ. ಬರೀ ನಾಲ್ಕು ಬೆರಳು ಹಿಮ ಬಿದ್ದು ವಾರದಲ್ಲಿ ಕರಗುವ ಊರಿನವರಿಗಂತೂ ಬ್ಲೋವರೇ ಬೇಡ, ಬಕೆಟ್ಟಿನಿಂದ ಪಕ್ಕಕ್ಕೆ ನೂಕಿದರೆ ಸಾಕು.

ಉಳಿಸಿದ ದುಡ್ಡಿನಲ್ಲಿ ಹಿಂದಿನ ಚಕ್ರಗಳಿಗೆ ಸರಪಳಿ ಕೊಳ್ಳಬಹುದು, ಒಂದು ಡಬ್ಬಿ ಶಿಯರ್ ಬೋಲ್ಟೂ ಬರುತ್ತದೆ. ಹಿಮದಡಿ ಅಡಗಿದ ಕಲ್ಲೋ ಕೊರಡೋ ಅಲಗಿಗೆ ಸಿಕ್ಕಾಗ ಗೇರ್ ಪೆಟ್ಟಿಗೆ ಉಳಿಯಲೆಂದು ಮುರಿಯುವ ಮೆದು ಬೋಲ್ಟು ಅದು. ಮೇಲಿಂದ ಮೇಲೆ ಮುರಿಯುತ್ತದೆ ಎಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟು ಜಡಿಯುವವರು ಇದ್ದಾರೆ. ಮುಂದಿನ ಕಲ್ಲಿಗೆ ಅವರ ಗೇರ್ ಪೆಟ್ಟಿಗೆಯೇ ಒಡೆಯುತ್ತದೆ. ಜಲ್ಲಿ ಹಾಸಿದ ದಾರಿಯವರು ಬ್ಲೋವರಿನ ಎರಡು ಬದಿಯ ಜಾರುಪಟ್ಟಿಗಳನ್ನು ಇಳಿಸಿ ಅಲಗನ್ನು ನೆಲದಿಂದ ಒಂದಿಂಚು ಎತ್ತರಿಸಿಕೊಳ್ಳಬೇಕು. ಮೊದಲ ಒಂದೆರಡು ಹಿಮ ಹಾಗೇ ತುಳಿದು ಗಟ್ಟಿಯಾಗಲಿ, ಆಮೇಲೆ ಅದೇ ನೆಲವಾಗುತ್ತದೆ. ಜಲ್ಲಿ ಕಿಟಕಿಗೆ ಹಾರುವುದಿಲ್ಲ.