ಫಿಲ್ಮ್ ಆರಿಸೂದು ಮಾರಿ ನೋಡಿ, ಫ್ಯಾಶನ್ ನೋಡಿ ಅಲ್ಲ

ಈಗ ಮತ್ತ ನಮ್ಮ ಹುಡುಗೂರಿಗೆ ಕಪ್ಪು-ಬಿಳುಪು ಫಿಲ್ಮಿನ ಹುಚ್ಚು ಹಿಡದದ. ಹಿಡೀಲಿ, ಛಲೋನ ಆತು. ಅಟ್ಟದ ಮ್ಯಾಲೆ ಧೂಳು ತಿನ್ನಕೋತ ಬಿದ್ದಿದ್ದ ಕ್ಯಾಮರಾಗೋಳು ಕೆಳಗ ಇಳದಾವ. ಆದ್ರ ಅವರು ತಗದ ಫೋಟೋ ನೋಡಿದ್ರ ಹೊಟ್ಟಿ ಉರೀತದ್ರೀ. ಅಜ್ಜಿ ಮಾರಿ ತುಂಬ ಸಾಸಿವಿ ಚೆಲ್ಲಿದಂಗ ಕಾಳು ಕಾಳು, ಕಣ್ಣಿದ್ದಲ್ಲೆ ಎರಡು ಕರೇ ತೂತು, ಉಟ್ಟ ಬಿಳೀ ಸೀರಿ ಸುಣ್ಣಾ ಬಳದ ಗ್ವಾಡಿ. ಯಾಕೋ ಹಿಂಗ ಅಂದ್ರ "ಇದು ಆರ್ಟ್ ಕಾಕು, ನಿಮಗ ತಿಳಿಯೂದಿಲ್ಲ" ಅಂತಾರ. "ನಾ ಇಷ್ಟು ಕರಗ ಇದ್ದೀನೇನವಾ?" ಅಂತ ಅಜ್ಜಿ ಕೇಳಿದ್ರ ಮಾತ್ರ ಎಲ್ಲಾರ ಬಾಯಿ ಬಂದ್.

ಉತ್ತರ ನಾ ಹೇಳ್ತೀನಿ. ತಪ್ಪು ಅಜ್ಜಿ ಬಣ್ಣದ್ದಲ್ಲ, ಫಿಲ್ಮು ಮತ್ತ ಡೆವಲಪರ್ ಆರಿಸಿದವರದು. ನಾ ಓದಿದ್ದು ಪಿಯುಸಿ ತನಕ ಅಷ್ಟ. ಆದ್ರ ನಮ್ಮ ಮಾವನವರು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಫಿಲ್ಮ್ ಹಾಕಿ ಫೋಟೋ ತಗೀತಿದ್ದ ಕಾಲದಿಂದ ಈ ಮನಿ ಬಚ್ಚಲದಾಗ ಫಿಲ್ಮ್ ತೊಳದೀನಿ. ಆ ಕಾರ್ಖಾನಿ ಮುಚ್ಚಿ ಹೋತು. ತೊಳಿಯೂ ರೀತಿ ಏನೂ ಬದಲಾಗಿಲ್ಲ.

ಮೊದಲು ಫಿಲ್ಮಿನ ಮಾತು. ಅದರಾಗ ಎರಡು ಜಾತಿ ಅವ. ಆರ್ಥೊಕ್ರೊಮ್ಯಾಟಿಕ್ ಅನ್ನೂದಕ್ಕ ನೀಲಿ, ಹಸರು ಕಾಣಸ್ತದ, ಕೆಂಪು ಕಾಣಸೂದಿಲ್ಲ. ಕೆಂಪಂದ್ರ ಅದಕ್ಕ ಕತ್ತಲಿ. ನಮ್ಮ ಚರ್ಮಾ ಕೆಂಪು ಬೆರತ ಕಂದು ಬಣ್ಣದ್ದು. ಹಿಂಗಾಗಿ ಆ ಫಿಲ್ಮಿನ್ಯಾಗ ಮಾರಿ ಇದ್ದದ್ದಕ್ಕಿಂತ ಕರಗಾಗ್ತದ, ತುಟಿ ಸುಟ್ಟಂಗ ಕಾಣ್ತದ, ಹಣಿ ಮ್ಯಾಲಿನ ಕುಂಕುಮ ಕಾಡಿಗಿ ಬೊಟ್ಟು ಆಗ್ತದ. ಪ್ಯಾನ್‌ಕ್ರೊಮ್ಯಾಟಿಕ್ ಹಂಗಲ್ಲ, ಎಲ್ಲಾ ಬಣ್ಣಾನೂ ನೋಡ್ತದ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಕೊಡ್ಯಾಕ್ ಟ್ರೈ-ಎಕ್ಸ್, ಸ್ವಸ್ತದಾಗ ಬೇಕಂದ್ರ ಫೋಮಾಪ್ಯಾನ್ 400, ಎಲ್ಲಾ ಇದೇ ಜಾತೀವು. ಆರ್ಥೊ ಫಿಲ್ಮ್ ಗುಡಿ ಕೆತ್ತನಿಗೆ ಇಟ್ಕೋರಿ. ಮನಿ ಮಂದಿಗೆ ಬ್ಯಾಡ.

ಎರಡನೇದು, ಈ 'ಪುಷ್' ಅನ್ನೂ ಪಿಶಾಚಿ. 400ರ ಫಿಲ್ಮಿಗೆ 1600ರ ಲೆಕ್ಕದಾಗ ಚೂರ ಬೆಳಕು ಉಣಸೂದು, ಆಮ್ಯಾಲೆ ಡೆವಲಪರಿನ್ಯಾಗ ಹೆಚ್ಚು ಹೊತ್ತು ಕುದಿಸಿದಂಗ ಇಡೂದು. ರಾತ್ರಿ ಜಾತ್ರಿ, ಬಯಲಾಟ ತಗೀಲಿಕ್ಕೆ ಬ್ಯಾರೆ ದಾರಿ ಇಲ್ಲ, ಒಪ್ಪತೀನಿ. ಹಾಡಹಗಲ ಅಂಗಳದಾಗ ಕೂತ ಅಜ್ಜಿಗೆ ಯಾಕ ಬೇಕ್ರೀ ಅದು? ನೆರಳಿನ ಭಾಗ ಫಿಲ್ಮಿಗೆ ಬೀಳೂದು ಕ್ಯಾಮರಾ ಒತ್ತಿದ ಕ್ಷಣದಾಗ. ಅಲ್ಲೆ ಬೆಳಕು ಬೀಳದಿದ್ರ ಡೆವಲಪರ್ ಎಷ್ಟು ಹೊತ್ತು ಇಟ್ರೂ ಕಣ್ಣು ಬರೂದಿಲ್ಲ, ಬಿಳೀ ಸೀರಿ ಒಂದ ಇನ್ನಷ್ಟು ಬೆಳ್ಳಗಾಗ್ತದ. ಮಜ್ಜಿಗಿ ಕಡದ್ರ ಬೆಣ್ಣಿ ಬಂದೀತು, ನೀರು ಕಡದ್ರ ಬರ್ತದೇನು? "ಸ್ಕ್ಯಾನ್ ಮಾಡಿ ಕಂಪ್ಯೂಟರಿನ್ಯಾಗ ಸರಿ ಮಾಡ್ತೀವಿ" ಅನ್ನಾವರಿಗೂ ಇದೇ ಉತ್ತರ.

ನಮ್ಮ ಬಿಸಲಿಗೆ ಉಲ್ಟಾ ಮಾಡಬೇಕು. ಡಬ್ಬಿ ಮ್ಯಾಲೆ 400 ಅಂತ ಇದ್ರೂ ಮೀಟರಿಗೆ 200 ಇಡ್ರಿ, ಬೆಳಕು ದುಪ್ಪಟ್ಟು ಬೀಳ್ತದ. ಮೀಟರ್ ಹಿಡಿಯೂದು ಮಾರಿ ಹತ್ರ, ಸೀರಿ ಹತ್ರ ಅಲ್ಲ, ಸುಣ್ಣದ ಗ್ವಾಡಿ ಹತ್ರಂತೂ ಅಲ್ಲೇ ಅಲ್ಲ. ತೊಳಿಯೂವಾಗ ಹೊತ್ತು ಐದರಾಗ ಒಂದು ಪಾಲು ಕಡಿಮಿ ಮಾಡ್ರಿ. ಆಗ ಕಣ್ಣಿನ ಕುಣಿ ತೆರೀತದ, ಸೀರಿ ನಿರಗಿನೂ ಉಳೀತದ.

ಮೂರನೇದು ಡೆವಲಪರ್. ಹುಡುಗೂರ ಬಾಯಾಗ ಈಗ ರೊಡಿನಾಲ್ ರೊಡಿನಾಲ್. 1891ರ ಕಾಲದ ಕೆಮಿಕಲ್, ಬಾಟ್ಲಿ ವರ್ಷಗಟ್ಟಲೆ ಕೆಡೂದಿಲ್ಲ, ಅದೆಲ್ಲಾ ಖರೆ. ಆದ್ರ ಅದು ಕಾಳನ್ನ ಚೂಪ ಮಾಡಿ ತೋರಸ್ತದ. ಎಫ್‌ಪಿ4ನಂಥಾ ಸಣ್ಣ ಕಾಳಿನ ನಿಧಾನ ಫಿಲ್ಮಿಗೆ ಶೋಭಾ, 400ರ ಫಿಲ್ಮಿಗೆ ಹಾಕಿದ್ರ ವಯಸ್ಸಾದವರ ಮಾರಿ ಮ್ಯಾಲೆ ಇಲ್ಲದ ಸಿಡುಬು ಮೂಡಿಸಿದಂಗ. 1927ರಿಂದ ಇರೂ ಡಿ-76 ನೋಡ್ರಿ, ಇಲ್ಫೋರ್ಡಿನ ಐಡಿ-11 ಅದರ ಅವಳಿ. ಒಂದು ಲೀಟರಿಗೆ ನೂರು ಗ್ರಾಂ ಸಲ್ಫೈಟ್ ಇರ್ತದ, ಅದು ಕಾಳಿನ ಅಂಚು ಸವಿಸಿ ಮೆತ್ತಗ ಮಾಡ್ತದ. ಹೊಸಾದೇನಲ್ಲ, ಹೆಸರಿನ್ಯಾಗ ಡೌಲಿಲ್ಲ, ಅದಕ್ಕ ಯಾರಿಗೂ ಬ್ಯಾಡಾಗೇದ.

ಅರ್ಧ ನೀರು, ಅರ್ಧ ಡೆವಲಪರ್ ಮಾಡಿ ಒಂದ ಸಲ ಬಳಸಿ ಚೆಲ್ಲೂದು ನಮ್ಮ ಊರಿಗೆ ಹೊಂದತದ. ಎಲ್ಲಾ ಲೆಕ್ಕಾನೂ 20 ಡಿಗ್ರಿ ನೀರಿಗೆ ಬರದಿರ್ತಾರ. ಬ್ಯಾಸಗಿ ನಳದ ನೀರು ಹಂಗ ಹಾಕಿದ್ರ ಡೆವಲಪರ್ ಓಡ್ತದ, ಐದು ನಿಮಿಷದ ಒಳಗ ಮುಗಿಯೂ ಕೆಲಸದಾಗ ಕಲಿ ಕಲಿ ಬರ್ತದ. ನೀರು ಬೆರಸಿದ್ರ ಎಚ್‌ಪಿ5ಗೆ 11 ನಿಮಿಷ ಸಿಗ್ತದ, ನಾ ಹೇಳಿದಂಗ ಕಡಿಮಿ ಮಾಡಿದ್ರ 9. ಬಾಟ್ಲಿ ಐಸ್ ಹಾಕಿದ ಬುಟ್ಟ್ಯಾಗ ಇಟ್ಟು 20ಕ್ಕ ತರ್ರಿ. ಮತ್ತ ನೆನಪಿಡ್ರಿ, ಅಡಗಿಮನಿ ಪಾತ್ರಿ, ಚಮಚಾ ಒಂದೂ ಮುಟ್ಟಕೂಡದು. ಕೈಗೆ ಗ್ಲೌಸ್ ಬೇಕೇಬೇಕು, ಅದರಾಗಿನ ಮೆಟಾಲ್ ಕೆಲವರ ಚರ್ಮಕ್ಕ ಆಗೂದಿಲ್ಲ.

ಈಗ ನಮ್ಮ ಹೆಣ್ಣಮಕ್ಕಳಿಗೇ ಎರಡು ಮಾತು. ಸ್ಟುಡಿಯೋದವ್ರು "ಬೆಳ್ಳಗ ತಗೀತೀನ್ರೀ ಅಕ್ಕಾರ" ಅಂದಕೂಡ್ಲೆ ಹಿಗ್ಗತೀವಲ್ಲ, ನಾವೇನು ಕಡಿಮಿ? ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದ್ರ ಮಾರಿ ಬೆಳ್ಳಗಾಗ್ತದ ಖರೆ, ಅದರ ಸಂಗತೀನ ತುಟಿ ಮಾಸ್ತದ, ಕುಂಕುಮಾನೂ ಅಳಿಸಿ ಹೋಗ್ತದ. ವರನ ಕಡ್ಯಾವರಿಗೆ ಕಳಸೂ ಫೋಟೋದಾಗ ಒಬ್ಬಾಕಿ, ಮನಿಗೆ ಬರೂದು ಇನ್ನೊಬ್ಬಾಕಿ ಆದ್ರ ಮಾತು ಕೇಳೂದು ಯಾರು? ಆ ಹುಡುಗೀನ. ಕರಗ ಇದ್ದಾಕಿನ್ನ ಕರಗ, ಕಣ್ಣು ಮೂಗು ಎದ್ದು ಕಾಣೂಹಂಗ ತಗಿಯೂದು ಕಲೆ. ಬೆಳ್ಳಗ ಬಳಿಯೂದು ಸುಣ್ಣದ ಕೆಲಸ, ಮಸಿ ಮಾಡೂದು ಸೋಮಾರಿತನ.

ನಾವು ಹೋದ ಮ್ಯಾಲೆ ಗ್ವಾಡಿಗೆ ಹಾಕಿ ಹಾರ ಹಾಕೂದು ಈ ಫೋಟೋಗಳಿಗೇ. ಮೊಮ್ಮಕ್ಕಳು ನಮ್ಮನ್ನ ಗುರ್ತು ಹಿಡಿಯೂದು ಅದರಿಂದನ. ಅದಕ್ಕ ಮುಂದಿನ ಸಲ ಮನಿ ಹುಡುಗೂರು ಕ್ಯಾಮರಾ ತಂದು ಎದುರು ನಿಂತಾಗ ಸೀರಿ ಸರಿ ಮಾಡ್ಕೊಳ್ಳೂಕಿಂತ ಮೊದಲು ಕೇಳ್ರಿ: "ಯಾವ ಫಿಲ್ಮಪಾ, ಎಷ್ಟಕ್ಕ ಇಟ್ಟಿ, ಯಾವುದರಾಗ ತೊಳೀತಿ?" ಸರಿ ಹೇಳಿದ್ರ ಕೂಡ್ರಿ. ಇಲ್ಲಂದ್ರ ಚಹಾ ಕೊಟ್ಟು ಕಳಸ್ರಿ.