ಮುಖ ಯಾರದೋ, ದನಿ ಜಯಶ್ರೀ ಅವರದು

‘ನರುಟೊ’ ನೋಡಿದವರಿಗೆ ಹಿನಾತಾ ಗೊತ್ತೇ ಇರ್ತಾಳೆ. ತಡವರಿಸಿ ಮಾತಾಡೋ ಆ ಹುಡುಗಿಗೆ ಜಪಾನಿ ಭಾಷೆಯಲ್ಲಿ ದನಿ ಕೊಟ್ಟವರು ನಾನಾ ಮಿಜುಕಿ. ಅವರು ಗಾಯಕಿಯೂ ಹೌದು. 2009ರಲ್ಲಿ ಅವರ ಆಲ್ಬಂ ಒರಿಕಾನ್ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ದನಿ ಕಲಾವಿದರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಇಂಥವರಿಗೆ ‘ಸೆಯ್ಯೂ’ ಅಂತಾರೆ. ನಟರಷ್ಟೇ ಅಭಿಮಾನಿಗಳೂ ಇರ್ತಾರೆ.

ನಮ್ಮಲ್ಲಿ ಅಂಥವರು ಯಾರೂ ಇಲ್ವಾ? ಇದ್ದಾರೆ. 2001ರ ‘ನನ್ನ ಪ್ರೀತಿಯ ಹುಡುಗಿ’ಯ ಕಾರಿನ ಹಾಡು ನೆನಪಿದೆಯಲ್ಲ? ಮನೋಮೂರ್ತಿ ಸಂಗೀತದ ಆ ಹಾಡಿನ ಗಡಸು ದನಿ ಬಿ. ಜಯಶ್ರೀ ಅವರದು. ಮಾಧವಿ, ಅಂಬಿಕಾ, ಜಯಪ್ರದಾ ಅವರಂಥ ನಾಯಕಿಯರು ತೆರೆಯ ಮೇಲೆ ಕನ್ನಡ ಮಾತಾಡಿದಾಗ ಹಿಂದೆ ನಿಂತು ದನಿ ಕೊಟ್ಟವರೂ ಇವರೇ.

ಇಂಥ ದನಿ ಎಲ್ಲಿಂದ ಬಂತು? ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ಮುಶಿಗೇರಿ ಕಡೆ ಜಾತ್ರ್ಯಾಗ ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ತಿಳೀತದ. ಅಲ್ಲಿ ಮಾತಿನ ನಡುವೆಯೇ ಹಾರ್ಮೋನಿಯಂ ಏಳ್ತದ, ಪಾತ್ರ ಮಾಡೋರು ಹಾಡಲೇಬೇಕು. ಮಾತು ಬೇರೆ, ಹಾಡು ಬೇರೆ ಅನ್ನೋದೇ ಇಲ್ಲ. ಮುಂದೆ ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ಯಂಥ ನಾಟಕಗಳಲ್ಲಿ ಜನಪದ ಹಾಡು, ಅಭಿನಯ ಎರಡನ್ನೂ ಬೆಸೆದರು.

ಡಬ್ಬಿಂಗ್‌ಗೆ ಈ ತಯಾರಿ ಬೇಕೇ ಬೇಕು. ಪ, ಬ, ಮ ಬಂದಲ್ಲಿ ತೆರೆಯ ಮೇಲಿನ ತುಟಿ ಕೂಡಬೇಕು. ಬೇರೆಯವರ ಉಸಿರಿಗೆ ನಮ್ಮ ಉಸಿರು ಹೊಂದಬೇಕು. ಮಾತು ಒಂದು ಕ್ಷಣ ಹಿಂದೆ ಮುಂದೆ ಆದರೂ ಎದ್ದು ಕಾಣ್ತದೆ. ತಾಳಜ್ಞಾನ ಇದ್ದವರಿಗೆ ಇದು ಒಲಿಯೋದು ಅದಕ್ಕೇ.

ಜಯಶ್ರೀ ಅವರಿಗೆ 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ ಬಂತು. 2010ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಆದರೂ ಆ ನಾಯಕಿಯರ ಸಿನಿಮಾ ಟಿವಿಯಲ್ಲಿ ಬಂದಾಗ ನಮ್ಮಲ್ಲಿ ಎಷ್ಟು ಜನ ಅವರ ಹೆಸರು ಹೇಳ್ತೀವಿ?

ಈಗಂತೂ ಬೇರೆ ಭಾಷೆಯ ಸಿನಿಮಾಗಳು ಮೊಬೈಲ್‌ನಲ್ಲೇ ಕನ್ನಡದಲ್ಲಿ ಸಿಗ್ತಾವೆ. ‘ಡಬ್ಬಿಂಗ್ ಚೆನ್ನಾಗಿಲ್ಲ’ ಅಂತ ಬೈಯೋಕೆ ನಮಗೆ ಬರ್ತದೆ. ಚೆನ್ನಾಗಿದ್ದಾಗ ಯಾರದು ಅಂತ ಕೇಳೋದಿಲ್ಲ. ಹೀಗಾದರೆ ಪಾತ್ರದೊಳಗೆ ಇಳಿದು ಮಾತಾಡುವವರಿಗೂ, ಗಡಿಬಿಡಿಯಲ್ಲಿ ಓದಿ ಮುಗಿಸುವವರಿಗೂ ಒಂದೇ ಬೆಲೆ. ಮುಂದಿನ ಸಲ ಸಿನಿಮಾ ಮುಗಿದ ಕೂಡಲೇ ಮುಂದಕ್ಕೆ ಒತ್ತಬೇಡಿ. ದನಿ ಕೊಟ್ಟವರ ಹೆಸರು ಹಾಕಿದ್ದರೆ ಓದಿ. ಹಾಕಿಲ್ಲವಾದರೆ, ಯಾಕಿಲ್ಲ ಅಂತ ಕೇಳಿ.