ಸಂಬಳದ ದಿನ ಯಾವ ಪುಸ್ತಕ ಕೊಳ್ಳೋಣ?



ಸಂಬಳದ ದಿನ ಸಂತೆಯಲ್ಲಿ ಕನಸಿನ ಫಲ, ಹಲ್ಲಿಶಕುನದ ಪುಸ್ತಕಗಳಿಗೆ ನಮ್ಮವರ ಕೈ ಬೇಗ ಹೋಗುತ್ತದೆ. ಹಣ ಬೆವರಿನದು, ತೂಗಿ ಕೊಳ್ಳಬೇಕು.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನೋಡಿರಿ. 1933ರ ಕಾದಂಬರಿ, ಗಾತ್ರದಲ್ಲಿ ಚಿಕ್ಕದು. ಕಾಫಿ ತೋಟದ ಸಾಲ ತೀರಿಸಲು ಚೋಮ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಾನೆ. ಇದು ನಮಗೆ ತಿಳಿಯದ ಕಥೆಯೇ?

ನಮ್ಮ ಸಭೆಗೆ ಕಹಿಯಾದ ಮಾತೂ ಅದರಲ್ಲಿದೆ. ಭೂಮಿಯ ಆಸೆಗೆ ಕ್ರೈಸ್ತನಾಗಲು ಹೊರಟ ಚೋಮ ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಆದಕಾರಣ ಅದು ನಮ್ಮ ಮನೆಗೆ ಬೇಡವೆನ್ನುವ ಹಿರಿಯರಿದ್ದಾರೆ. ನಾನು ಒಪ್ಪೆನು. ನಮ್ಮನ್ನು ಬರೀ ಹೊಗಳುವ ಪುಸ್ತಕ ಅಗ್ಗವಾದರೂ ದುಬಾರಿಯೇ. ನಮ್ಮನ್ನು ಪ್ರಶ್ನಿಸುವುದೇ ಕೊಳ್ಳಲು ಯೋಗ್ಯ.

ಲೈನಿಗೆ ಒಂದು ಪ್ರತಿ ಸಾಕು. ಸಂಜೆ ಓದಬಲ್ಲ ಮಗಳು ಗಟ್ಟಿಯಾಗಿ ಓದಲಿ. ಅಜ್ಜಿ ಕೇಳಲಿ, ತನ್ನ ಕಾಲದ ಸಾಲದ ಕಥೆಯನ್ನೂ ಹೇಳಲಿ.